ಆರು ಗಂಟೆಗೆ ಕುರ್ಚಿ ಬಿಡುವುದು ಹೇಗೆ? ಮಂಗಳೂರಿನಲ್ಲಿ ಮೊದಲ ಕೆಲಸ ಹಿಡಿದವರಿಗೆ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ. "ಆಫೀಸಿನ ಕೆಲಸ ಆಫೀಸಿನಲ್ಲೇ ಬಿಟ್ಟು ಬಾ, ಆಗುವುದಿಲ್ಲ ಅನ್ನಲು ಕಲಿ." ಹೇಳುವುದು ಸುಲಭ ಮಾರಾಯ್ರೆ. ಸೇರಿ ಎರಡು ತಿಂಗಳಾಗಿರುವುದಿಲ್ಲ, ಪ್ರೊಬೇಷನ್ ಮುಗಿದಿರುವುದಿಲ್ಲ, ಹೊರಡುವ ಹೊತ್ತಿಗೆ ಮ್ಯಾನೇಜರ್ ಬಂದು "ಇದೊಂದು ಸ್ವಲ್ಪ ನೋಡ್ತೀಯಾ" ಅಂದರೆ ಯಾರ ಬಾಯಲ್ಲಿ ಆಗುವುದಿಲ್ಲ ಅಂತ ಬರುತ್ತದೆ? ಸುಮ್ನೆ ಮನೆಗೆ ಹೋಗಬೇಕು ಅನ್ನುವುದು ನಮಗೇ ಒಂದು ಕಾರಣ ಅನ್ನಿಸುವುದಿಲ್ಲ. ಪಿಜಿಗೆ ಹೋಗಿ ಮೊಬೈಲ್ ನೋಡುವ ಬದಲು ಇಲ್ಲೇ ಇದ್ದರೆ ಏಸಿಯಾದರೂ ಉಂಟು ಅಂತ ಕೂತುಬಿಡುತ್ತೇವೆ. ಆರು ಏಳಾಗುತ್ತದೆ, ಏಳು ಎಂಟೂವರೆ ಆಗುತ್ತದೆ, ಕೊನೆಗೆ ಅದೇ ನಿಮ್ಮ ಟೈಮು ಅಂತ ಆಫೀಸಿನವರೂ ಲೆಕ್ಕ ಹಾಕಿಕೊಳ್ಳುತ್ತಾರೆ.

ಇದಕ್ಕೆ ನಾನು ಹೇಳುವ ಉಪಾಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಕೆಲಸ ಜಾಸ್ತಿ ಅನ್ನುವವರು ಆಫೀಸಿನ ಹೊರಗೆ ಇನ್ನೊಂದು ಹೊಣೆ ಹೊತ್ತುಕೊಳ್ಳಬೇಕು. ನೀವು ಬರದಿದ್ದರೆ "ಎಲ್ಲಿದ್ದೀಯಾ, ನಿನ್ನನ್ನೇ ಕಾಯ್ತಾ ಇದ್ದೇವೆ" ಅಂತ ನಾಲ್ಕು ಜನ ಫೋನ್ ಮಾಡುವಂಥ ಹೊಣೆ. ಆಗ ಆರು ಗಂಟೆಗೆ ಏಳಲು ನಿಮಗೆ ಧೈರ್ಯ ಬೇಕಾಗುವುದೇ ಇಲ್ಲ. ಏಳಲೇಬೇಕಾಗುತ್ತದೆ.

ನಮ್ಮ ಊರಲ್ಲಿ ಇಂಥದ್ದಕ್ಕೆ ಬರವಿಲ್ಲ. ಯಕ್ಷಗಾನದ ಹೆಜ್ಜೆ ಕಲಿಸುವವರಿದ್ದಾರೆ, ಚೆಂಡೆ ಮದ್ದಳೆ ಕಲಿಸುವವರಿದ್ದಾರೆ, ಮಂಗಳೂರಿನ ಕಡೆ ತೆಂಕುತಿಟ್ಟಿನ ಶೈಲಿ, ಉಡುಪಿಯಿಂದ ಆಚೆ ಹೋದರೆ ಬಡಗುತಿಟ್ಟಿನದು. ಯುವಕ ಮಂಡಲದ ವಾಲಿಬಾಲ್ ಉಂಟು, ಶನಿವಾರದ ಭಜನೆ ಉಂಟು, ಇಗರ್ಜಿಯ ಗಾಯನ ಮಂಡಳಿ ಉಂಟು. ಮಂಗಳಾ ಸ್ಟೇಡಿಯಂನಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಗುಂಪಾಗಿ ಓಡುವವರು ಸಿಗುತ್ತಾರೆ. ಯಾವುದಾದರೂ ಆಗಬಹುದು, ಆದರೆ ಆರಿಸುವಾಗ ಮೂರು ವಿಷಯ ನೋಡಿ. ವಾರ ಮತ್ತು ಹೊತ್ತು ಗೊತ್ತಾಗಿರಬೇಕು. ಜೊತೆಗೆ ಬೇರೆ ಜನ ಇರಬೇಕು. ಮತ್ತೆ, ಇದು ತುಂಬ ಮುಖ್ಯ, ಜಾಗ ನಿಮ್ಮ ಆಫೀಸಿಗೂ ಮನೆಗೂ ನಡುವೆ ಬಸ್ಸಿನ ದಾರಿಯಲ್ಲೇ ಇರಬೇಕು. ಬೈಕಂಪಾಡಿಯಲ್ಲಿ ಕೆಲಸ ಮಾಡಿ ಸುರತ್ಕಲ್‌ನಲ್ಲಿ ಮನೆ ಇಟ್ಟುಕೊಂಡವರು ಊರಿನ ಇನ್ನೊಂದು ತುದಿಯ ದೇರಳಕಟ್ಟೆಯ ಕ್ಲಾಸಿಗೆ ಸೇರಿದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ.

ಒಬ್ಬರೇ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಹೋಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಪಾರ್ಕು ನಿಮ್ಮನ್ನು ಕಾಯುವುದಿಲ್ಲ, ನಾಳೆ ಹೋದರೂ ಆಗುತ್ತದೆ, ಹಾಗಾಗಿ ಕೆಲಸ ಬಂದ ದಿನ ಮೊದಲು ತಪ್ಪುವುದು ಅದೇ. ಜಿಮ್ಮಿಗೂ ಇದೇ ಗತಿ.

ಇನ್ನು ಆಫೀಸಿನಲ್ಲಿ ಹೇಳುವ ಕೆಲಸ. ಇದನ್ನು ಹೊರಡುವ ಹೊತ್ತಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೇಳಬೇಡಿ, ಅದು ತಪ್ಪಿಸಿಕೊಂಡು ಓಡಿದ ಹಾಗೆ ಕಾಣುತ್ತದೆ. ಒಂದು ಸೋಮವಾರ ಬೆಳಿಗ್ಗೆ, ಅವರು ಸಮಾಧಾನದಲ್ಲಿರುವಾಗ ಹೇಳಿ: "ಸರ್, ಮಂಗಳವಾರ, ಗುರುವಾರ ನನಗೆ ಚೆಂಡೆ ಕ್ಲಾಸ್ ಉಂಟು, ಆರು ಗಂಟೆಗೆ ಹೊರಡ್ತೇನೆ. ತೀರಾ ಅರ್ಜೆಂಟ್ ಇದ್ದರೆ ಮುಂಚೆ ಹೇಳಿ, ಬೆಳಿಗ್ಗೆ ಬೇಗ ಬಂದು ಮುಗಿಸಿಕೊಡ್ತೇನೆ." ಎರಡೇ ದಿನ ಕೇಳಿ, ಐದೂ ದಿನ ಕೇಳಬೇಡಿ. ಆ ಎರಡು ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನೀವಾಗಿಯೇ ಒಂದು ಮೆಸೇಜ್ ಹಾಕಿ, ಯಾವುದು ಮುಗಿದಿದೆ, ಯಾವುದು ಉಳಿದಿದೆ, ಇವತ್ತೇ ಬೇಕಾದದ್ದು ಏನಾದರೂ ಇದೆಯಾ ಅಂತ. ಆರು ಗಂಟೆಗೆ ಬರುವ "ಇದೊಂದು ಸ್ವಲ್ಪ" ಅನ್ನುವ ಕೆಲಸದಲ್ಲಿ ಬಹಳಷ್ಟು ನಾಲ್ಕು ಗಂಟೆಗೇ ಅವರ ತಲೆಯಲ್ಲಿ ಇರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ. ಹೇಳಿದ ಮಾತಿನಂತೆ ಬೆಳಿಗ್ಗೆ ಬೇಗ ಹೋಗಿ ಒಂದೆರಡು ಸಲ ಮುಗಿಸಿಕೊಟ್ಟರೆ ನಿಮ್ಮ ಮಂಗಳವಾರವನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಹಾಗೂ ಮುಟ್ಟುವವರಿದ್ದರೆ ಆ ಕೆಲಸದ ಬಗ್ಗೆಯೇ ಬೇರೆ ಯೋಚನೆ ಮಾಡಬೇಕು.

ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ, ಕಾಲ್ ಸೆಂಟರಿನಲ್ಲಿ ಶಿಫ್ಟ್ ಮಾಡುವವರಿಗೆ ಇದು ಹೀಗೇ ನಡೆಯುವುದಿಲ್ಲ. ನಿಮಗೆ ವಾರಕ್ಕೊಂದೇ ದಿನ ಸಾಕು, ಡ್ಯೂಟಿ ಪಟ್ಟಿ ಬರೆಯುವವರಿಗೆ ಅದು ಬರೆಯುವ ಮೊದಲೇ ಹೇಳಿ. ಜೊತೆಯವರೊಡನೆ ಡ್ಯೂಟಿ ಬದಲಾಯಿಸಿಕೊಳ್ಳುವಾಗ ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಬರೆದಿಡಿ, ಇಲ್ಲದಿದ್ದರೆ ಕೊಡುವವರು ಯಾವಾಗಲೂ ನೀವೇ ಆಗುತ್ತೀರಿ. ನೈಟ್ ಮುಗಿಸಿ ಬಂದ ದಿನ ಮೊದಲು ನಿದ್ದೆ, ಬೇರೆಲ್ಲ ಆಮೇಲೆ.

ಊರಲ್ಲೇ ಕೆಲಸ ಸಿಕ್ಕಿದವರಿಗೆ ಇನ್ನೊಂದು ಕಷ್ಟ ಉಂಟು, ಬೆಂಗಳೂರಿಗೆ ಹೋದವರಿಗೆ ಅದು ಗೊತ್ತಿಲ್ಲ. "ನೀನು ಇಲ್ಲೇ ಇದ್ದೀಯಲ್ಲ" ಅನ್ನುವ ಒಂದು ಮಾತಿನಲ್ಲಿ ಮನೆಯ ಎಲ್ಲ ಕೆಲಸ ನಿಮ್ಮ ತಲೆಗೆ ಬರುತ್ತದೆ. ದೊಡ್ಡಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಬ್ಯಾಂಕಿನ ಕೆಲಸ, ಸಂಬಂಧಿಕರನ್ನು ಬಜ್ಪೆ ಏರ್‌ಪೋರ್ಟಿಗೆ ಬಿಡುವುದು. ಇದಕ್ಕೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ವಾರದಲ್ಲಿ ಒಂದು ಹೊತ್ತನ್ನು, ಶನಿವಾರ ಬೆಳಿಗ್ಗೆ ಅಂತಿಟ್ಟುಕೊಳ್ಳಿ, ಮನೆಯ ಕೆಲಸಕ್ಕೆ ಅಂತಲೇ ಇಟ್ಟು ಅದನ್ನು ಎಲ್ಲರಿಗೂ ಹೇಳಿ. "ಶನಿವಾರ ಮಾಡಿಕೊಡ್ತೇನೆ ದೊಡ್ಡಮ್ಮ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ, ಅರ್ಧ ಕೆಲಸ ಶನಿವಾರದೊಳಗೆ ತಾನಾಗಿಯೇ ಆಗಿಹೋಗಿರುತ್ತದೆ.

ರಜೆಯನ್ನೂ ನಮ್ಮ ಊರಿನ ಲೆಕ್ಕದಲ್ಲಿ ನೋಡಿ. ದೀಪಾವಳಿ ಕಳೆದ ಮೇಲೆ ಒಂದೊಂದಾಗಿ ಶುರುವಾಗುವ ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ಆಟ ಎಲ್ಲ ನಿಲ್ಲುವುದು ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ದಿನಕ್ಕೆ. ಅದರ ಮಧ್ಯೆ ಮದುವೆಗಳು, ಬ್ರಹ್ಮಕಲಶ, ಗೃಹಪ್ರವೇಶ. ರಾತ್ರಿಯಿಡೀ ಕೋಲದಲ್ಲಿ ಕೂತು ಬೆಳಿಗ್ಗೆ ಬಸ್ಸು ಹತ್ತಿ ಆಫೀಸಿಗೆ ಹೋಗುವುದು ಒಂದು ಸಲ ಸರಿ, ಪ್ರತಿ ಸಲ ಆಗುವುದಿಲ್ಲ. ಕುಟುಂಬದ ಕೋಲದ ತಾರೀಕು ಗೊತ್ತಾದ ದಿನವೇ ಅದರ ಮರುದಿನಕ್ಕೆ ರಜೆ ಹಾಕಿಬಿಡಿ. ಕೋಲದ ದಿನಕ್ಕೆ ಎಲ್ಲರೂ ಹಾಕುತ್ತಾರೆ, ಮರುದಿನವನ್ನು ಮರೆಯುತ್ತಾರೆ.

ಹೊಸದೇನಾದರೂ ಕಲಿಯಬೇಕು, ಸರ್ಟಿಫಿಕೇಟ್ ಕೋರ್ಸು, ಇಲಾಖೆಯ ಪರೀಕ್ಷೆ, ಸಿಎ ಪೇಪರು ಅನ್ನುವವರು ಆಟಿ ತಿಂಗಳನ್ನು ಬಿಡಬೇಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಮುಂಜಿ ಇಲ್ಲ, ಹೊರಗೆ ಹೋಗೋಣ ಅಂದರೆ ಮಳೆ ಬಿಡುವುದಿಲ್ಲ, ಯಾರೂ ಯಾವುದಕ್ಕೂ ಕರೆಯುವುದಿಲ್ಲ. ವರ್ಷದಲ್ಲಿ ಇಷ್ಟು ಖಾಲಿ ಸಂಜೆಗಳು ಇನ್ನೆಲ್ಲೂ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಕೋರ್ಸು ಶುರು ಮಾಡಿ ಮದುವೆ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಯಾಕೆ?

ಬಸ್ಸಿನ ವಿಷಯ ಚುಟುಕಾಗಿ ಹೇಳುತ್ತೇನೆ. ಉಡುಪಿಯಿಂದ ಮಂಗಳೂರಿಗೆ ದಿನಾ ಓಡಾಡುವವರು ಎಕ್ಸ್‌ಪ್ರೆಸ್ ಬಸ್ಸಿನಲ್ಲೇ ಹೋದರೂ ಒಂದು ದಾರಿಗೆ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ಕೂಳೂರು ಸೇತುವೆ ಹತ್ತಿರ, ನಂತೂರಿನಲ್ಲಿ ನಿಂತರೆ ಇನ್ನೂ ಅರ್ಧ ಗಂಟೆ. ಆ ಹೊತ್ತಿನಲ್ಲಿ ಆಫೀಸಿನ ಮೇಲ್ ನೋಡಬೇಡಿ. ನಿದ್ದೆ ಮಾಡಿ, ಹಾಡು ಕೇಳಿ, ಕಿಟಕಿ ನೋಡಿ. ರೂಮು ಮಾಡುವುದೋ ಓಡಾಡುವುದೋ ಅಂತ ತೀರ್ಮಾನಿಸುವಾಗ ಬಾಡಿಗೆ ಮತ್ತು ಬಸ್ ಚಾರ್ಜ್ ಎರಡನ್ನೇ ಹೋಲಿಸಿದರೆ ಸಾಲದು, ರೂಮಿಗೆ ಹೋದರೆ ಮನೆಯ ಊಟ ಹೋಗುತ್ತದೆ, ದಿನಕ್ಕೆ ಎರಡು ಗಂಟೆ ಬರುತ್ತದೆ, ಆ ಎರಡು ಗಂಟೆಯಲ್ಲಿ ಏನು ಮಾಡುತ್ತೀರಿ ಅಂತ ಉತ್ತರ ಇದ್ದರೆ ಮಾತ್ರ ರೂಮು ಮಾಡಿ.

ಈಗ ದುಡ್ಡು. ಇದಕ್ಕೂ ಆರು ಗಂಟೆಗೂ ಏನು ಸಂಬಂಧ ಅನ್ನಬೇಡಿ. ಸೇರಿದ ಮೂರನೇ ತಿಂಗಳಿಗೇ ದೊಡ್ಡ ಬೈಕಿನ ಇಎಂಐ ಹೊತ್ತವರು ಮ್ಯಾನೇಜರ್ ಎದುರು ಬಾಯಿ ತೆರೆಯುವುದಿಲ್ಲ. ಕೈಯಲ್ಲಿ ಮೂರು ತಿಂಗಳ ಖರ್ಚು ಇದ್ದವರ ದನಿಯೇ ಬೇರೆ ಇರುತ್ತದೆ. ಬೈಕು ಬೇಡ ಅನ್ನುವುದಿಲ್ಲ, ಮೊದಲು ಮೂರು ತಿಂಗಳ ಖರ್ಚು, ಆಮೇಲೆ ಬೈಕು. ಸಂಬಳ ಬಂದ ಮರುದಿನವೇ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಬಿಡಿ, ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಅಂದರೆ ಉಳಿಯುವುದಿಲ್ಲ. ಸಣ್ಣ ಮೊತ್ತ ಅಂತ ನಾಚಿಕೆ ಬೇಡ. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು ಅಂತ ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಪಿಗ್ಮಿ 1928ರಲ್ಲಿ ಶುರುವಾದದ್ದು ನಮ್ಮ ಉಡುಪಿಯಲ್ಲೇ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಪಿಗ್ಮಿ ದುಡ್ಡಿನಲ್ಲಿ ಏನೇನು ಮಾಡಿದರು ಅಂತ ಹೇಳುತ್ತಾರೆ.

ಸಂಬಳದ ಚೀಟಿಯನ್ನೂ ಒಮ್ಮೆ ಕೂತು ಓದಿ. ಮೂಲ ವೇತನ 15,000 ಇದ್ದರೆ ಪಿಎಫ್‌ಗೆ ನಿಮ್ಮಿಂದ ಶೇ. 12, ಅಂದರೆ 1,800 ರೂಪಾಯಿ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ, ಅದರಲ್ಲಿ 1,250 ಪೆನ್ಷನ್ ಖಾತೆಗೆ, ಉಳಿದ 550 ಪಿಎಫ್‌ಗೆ. ಕೆಲಸ ಬಿಟ್ಟಾಗ ಆ ದುಡ್ಡು ತೆಗೆದು ಮೊಬೈಲ್ ಕೊಳ್ಳಬೇಡಿ, ಅದೇ ಯುಎಎನ್ ನಂಬರನ್ನು, ಅಂದರೆ ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರನ್ನು, ಹೊಸ ಕಂಪನಿಗೆ ಕೊಟ್ಟು ವರ್ಗಾಯಿಸಿಕೊಳ್ಳಿ. ಒಟ್ಟು ಐದು ವರ್ಷ ಆಗುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಲೆಕ್ಕಕ್ಕೂ ಬರುತ್ತದೆ.

ಆಫೀಸಿನ ವಾಟ್ಸಾಪ್ ಗುಂಪನ್ನು ರಾತ್ರಿ ಮ್ಯೂಟ್ ಮಾಡಿ. ಬೆಂಕಿ ಬಿದ್ದರೆ ಫೋನ್ ಮಾಡುತ್ತಾರೆ.

ಕ್ಲಾಸಿಗೆ ಸೇರುವಾಗ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೆ ಕಟ್ಟಿ. ಮೂರು ತಿಂಗಳು ನೋಡಿ. ಚೆಂಡೆ ಕೈಗೆ ಹತ್ತಲಿಲ್ಲ ಅಂದರೆ ಸುಮ್ನೆ ಹೋಗುವುದನ್ನು ನಿಲ್ಲಿಸಬೇಡಿ, ಗುರುಗಳ ಹತ್ತಿರ ಹೋಗಿ "ನನಗೆ ಆಗ್ತಾ ಇಲ್ಲ" ಅಂತ ಹೇಳಿ. ಬೈದರೂ ಬೈಯಬಹುದು, ಇಲ್ಲದಿದ್ದರೆ ತಾಳ ಹಿಡಿದು ಕೂತುಕೋ ಅನ್ನಬಹುದು. ಬಿಡುವುದೇ ಆದರೆ ಅದೇ ಮಂಗಳವಾರ, ಗುರುವಾರಕ್ಕೆ ಬೇರೊಂದನ್ನು ಹುಡುಕಿಕೊಂಡು ಬಿಡಿ. ಒಂದು ವಾರ ಖಾಲಿ ಬಿಟ್ಟರೂ ಆಫೀಸಿನಲ್ಲಿ ಯಾರಾದರೂ ಗಮನಿಸಿಯೇ ಗಮನಿಸುತ್ತಾರೆ.