ಹುಡುಗ್ರನ್ನ ಎಚ್‌ಐವಿ ಟೆಸ್ಟಿಗೆ ಕರ್ಕೊಂಡ್ ಹೋಗೋದು ಹ್ಯಾಂಗ (ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವ್ರಿಗೆ)

ಧಾರವಾಡದ ಸಪ್ತಾಪುರದಾಗ ಕೋಚಿಂಗಿಗೆ ಅಂತ ರೂಮ್ ಮಾಡ್ಕೊಂಡಿರೋ ಹುಡುಗ ಯಾರರ ನಿಮ್ಮ ಹಂತ್ಯಾಕ ಬಂದು "ಅಣ್ಣಾ, ಯಾಕೋ ಭಯ ಆಗಾಕತ್ತೈತಿ, ರಕ್ತ ಚೆಕ್ ಮಾಡಿಸ್ಬೇಕು" ಅಂದ್ರ, "ಏನ್ ಮಾಡ್ಕೊಂಡ್ಯೋ" ಅಂತ ಮಾತ್ರ ಕೇಳ್ಬ್ಯಾಡ್ರಿ. ಅದೊಂದ್ ಕೇಳಿದ್ರ ಆಂವ ಮತ್ತ ಬಾಯಿ ಬಿಡಂಗಿಲ್ಲ. ಭಯ ಹುಟ್ಟಿಸಿದ ಆ ಘಟನೆ ಆಗಿ ಎಷ್ಟ್ ದಿನ ಆತು ಅಂತಷ್ಟ ಕೇಳ್ರಿ, ಮುಂದ ಏನ್ ಮಾಡ್ಬೇಕು ಅನ್ನೋದು ಅದರ ಮ್ಯಾಲೆ ಐತಿ.

72 ತಾಸಿನ ಒಳಗ ಇದ್ರ ಒಂದ್ ನಿಮಿಷನೂ ತಡಾ ಮಾಡ್ಬ್ಯಾಡ್ರಿ, ರಾತ್ರಿ ಆದ್ರೂ ಸೀದಾ ದೊಡ್ಡ ಸರ್ಕಾರಿ ದವಾಖಾನಿ ಎಮರ್ಜೆನ್ಸಿಗೆ ಹೋಗಿ ಪೆಪ್ ಗುಳಿಗಿ (ಎಚ್‌ಐವಿ ಸೋಂಕು ಹತ್ತದಂಗ ತಡಿಯೋ ಔಷಧ) ಬೇಕಾಗೇತಿ ಅಂತ ಡಾಕ್ಟರ್ ಕಡೆ ಬಿಚ್ಚಿ ಹೇಳ್ರಿ, ಎಷ್ಟ್ ಲಗೂನ ಶುರು ಆಗ್ತದೋ ಅಷ್ಟ್ ಚಲೋ, 28 ದಿನ ಬಿಡದಂಗ ತಗೋಬೇಕು. ಆ 72 ತಾಸು ದಾಟಿದ್ರ ಟೆಸ್ಟ್. ಮೊನ್ನೆ ಆಗಿದ್ದು ಇವತ್ತಿನ ಟೆಸ್ಟಿನ್ಯಾಗ ಕಾಣಂಗಿಲ್ಲ, ಅದಕ್ಕ ಈಗೊಮ್ಮೆ, 3 ತಿಂಗಳಾದ ಮ್ಯಾಲೆ ಇನ್ನೊಮ್ಮೆ.

ಟೆಸ್ಟ್ ಮಾಡೋದು ಐಸಿಟಿಸಿ (ಎಚ್‌ಐವಿ ಸಲಹೆ, ಟೆಸ್ಟ್ ಎರಡೂ ಸಿಗೋ ಕೇಂದ್ರ) ಅನ್ನೋ ರೂಮಿನ್ಯಾಗ, ರೊಕ್ಕ ಏನೂ ಇಲ್ಲ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗ ಕೆಎಂಸಿ-ಆರ್‌ಐ ಅಂತ ಹೆಸರು), ಧಾರವಾಡ, ಗದಗ, ಹಾವೇರಿ ಜಿಲ್ಲಾ ಆಸ್ಪತ್ರೆ ಎಲ್ಲಾ ಕಡೆ ಐತಿ. ಹತ್ರದ್ದು ಯಾವ್ದು ಅಂತ ಗೊತ್ತಾಗ್ಲಿಲ್ಲಂದ್ರ ಎಚ್‌ಐವಿ ಸಹಾಯವಾಣಿ 1097ಕ್ಕ ಫೋನ್ ಹಚ್ರಿ, ಅದೂ ಫ್ರೀ.

ಆದ್ರ ಖರೇ ತೊಂದ್ರಿ ಇರೋದು ಅಲ್ಲಲ್ಲ. ದವಾಖಾನ್ಯಾಗ ಗುರುತಿನವ್ರು ಯಾರರ ಸಿಕ್ರ ಏನ್ ಮಾಡೋದು ಅನ್ನೋ ಅಂಜಿಕಿಗೇ ಎಷ್ಟೋ ಮಂದಿ ಗೇಟಿನ ತನಕ ಬಂದು ವಾಪಸ್ ಹೋಗ್ತಾರ. ನಮ್ಮ ಊರಿನ ದವಾಖಾನಿಗೇ ಹೋಗ್ಬೇಕು ಅಂತ ರೂಲ್ ಏನೂ ಇಲ್ಲ. ಗದಗದ ಹುಡುಗಿ ಹುಬ್ಬಳ್ಯಾಗ ಮಾಡಿಸ್ಬಹುದು, ಹುಬ್ಬಳ್ಳಿ ಹುಡುಗ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹೋಗ್ಬಹುದು. ಹುಡುಗ್ಯಾರ ಜೋಡಿ ಆಕಿ ನಂಬೋ ಅಕ್ಕ ಒಬ್ಬಾಕಿ ಇದ್ರ ಭಾಳ ಧೈರ್ಯ ಬರ್ತದ. ನೀವ್ ಜೋಡಿ ಹೋಗ್ರಿ, ಆದ್ರ ಕೌನ್ಸೆಲರ್ ರೂಮಿನ ಹೊರಗ ಕುಂದರ್ರಿ, ಒಳಗಿನ ಮಾತು ಅವರಿಬ್ಬರದು. ರಿಪೋರ್ಟ್ ಏನ್ ಬಂತು ಅಂತ ನೀವಾಗಿ ಕೇಳ್ಬ್ಯಾಡ್ರಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗಿ ಇಲ್ದ ಟೆಸ್ಟ್ ಮಾಡಂಗಿಲ್ಲ, ವಿಷಯ ಹೊರಗ ಬಿಡಂಗಿಲ್ಲ. ಹಾಸ್ಟೆಲ್ ವಾರ್ಡನ್‌ಗೋಳು, ಲೆಕ್ಚರರ್‌ಗೋಳು ಇದನ್ನ ತಿಳ್ಕೊಂಡಿರ್ಬೇಕ್ರಿ.

18ರ ಒಳಗಿನವ್ರಿಗೆ ಪೋಷಕರ ಒಪ್ಪಿಗಿ ಬೇಕು. ಇಲ್ಲೇ ಭಾಳ ಮಂದಿ ನಿಂತ್ ಬಿಡ್ತಾರ. ಅಪ್ಪನ ಮುಂದ ಹೇಳಾಕ ಆಗ್ಲಿಲ್ಲಂದ್ರ ಅವ್ವನ ಮುಂದ ಹ್ಯಾಂಗ ಹೇಳೋದು ಅಂತ ಕೌನ್ಸೆಲರ್ ಜೋಡಿ ಮೊದ್ಲು ಮಾತಾಡ್ರಿ, ಸರ್ಕಾರಿ ದವಾಖಾನಿ ಸ್ನೇಹ ಕ್ಲಿನಿಕ್‌ನ್ಯಾಗೂ ಈ ವಯಸ್ಸಿನವ್ರ ಜೋಡಿ ಮಾತಾಡೋ ಮಂದಿ ಇರ್ತಾರ.

ಖಾಸಗಿ ಲ್ಯಾಬಿನ ಒಂದ್ ರಿಪೋರ್ಟ್ ನೋಡಿ ಎದಿ ಒಡ್ಕೋಬ್ಯಾಡ್ರಿ, ಐಸಿಟಿಸ್ಯಾಗ ಬ್ಯಾರೆ ಬ್ಯಾರೆ 3 ಕಿಟ್ ಹಚ್ಚಿ ನೋಡಿದ ಮ್ಯಾಲೇ ಪಾಸಿಟಿವ್ ಅಂತ ಹೇಳ್ತಾರ. ಪಾಸಿಟಿವ್ ಬಂದ್ರ ಅವತ್ತು ಒಬ್ಬರನ್ನ ರೂಮಿಗೆ ಕಳಿಸ್ಬ್ಯಾಡ್ರಿ. ಊಟ ಮಾಡಿಸ್ರಿ, ರಾತ್ರಿ ಜೋಡಿ ಇರ್ರಿ, ಎಚ್‌ಐವಿ ಔಷಧ ಕೊಡೋ ಎಆರ್‌ಟಿ ಕೇಂದ್ರಕ್ಕ ನೀವೇ ಕರ್ಕೊಂಡ್ ಹೋಗ್ರಿ. ಈಗ ಭಾಳ ಮಂದಿಗೆ ದಿನಕ್ಕ ಒಂದೇ ಗುಳಿಗಿ, ಫ್ರೀ. ತಪ್ಪದ ತಗೊಂಡು ವೈರಲ್ ಲೋಡ್ (ರಕ್ತದಾಗಿನ ವೈರಸ್ ಪ್ರಮಾಣ) ಟೆಸ್ಟಿಗೆ ಸಿಗದಷ್ಟು ಕಮ್ಮಿ ಆಗಿ ಹಂಗ ಉಳಿದ್ರ, ಲೈಂಗಿಕ ಸಂಪರ್ಕದಿಂದ ಇನ್ನೊಬ್ರಿಗೆ ಹರಡಂಗಿಲ್ಲ, ಮದುವಿ ಮಕ್ಕಳು ಎಲ್ಲಾ ಆಗ್ತದ. ಇದನ್ನ ಅವತ್ತೇ ಹೇಳ್ರಿ.

ಹುಟ್ಟಿನಿಂದನ ಎಚ್‌ಐವಿ ಇರೋ ಮಕ್ಕಳು ಈಗ ಕಾಲೇಜಿಗೆ ಬಂದಾರ, ರೂಮ್‌ಮೇಟ್ ನೋಡ್ತಾರ ಅಂತ ಗುಳಿಗಿ ಬಿಡೋದು ಇವರಾಗ ಜಾಸ್ತಿ. ಗುಳಿಗಿ ನುಂಗೋ ಟೈಮ್ ಯಾವ್ದು ಅನುಕೂಲ ಅಂತ ಸೆಂಟರ್‌ನ್ಯಾಗ ಕೇಳಿ ಬದಲಿ ಮಾಡ್ಕೋಬಹುದು. ನೌಕ್ರಿಗೆ ಬೆಂಗಳೂರಿಗೋ ಪುಣೆಗೋ ಹೊಂಟ್ರ ಸುಮ್ನ ಹೋಗ್ಬಿಡ್ಬ್ಯಾಡ್ರಿ, ಅಲ್ಲಿನ ಎಆರ್‌ಟಿ ಕೇಂದ್ರಕ್ಕ ಟ್ರಾನ್ಸ್‌ಫರ್ ಮಾಡಿಸ್ಕೊಂಡು, ಅಲ್ಲಿ ಹೆಸರು ಹಚ್ಚೂ ತನಕ ಸಾಲುವಷ್ಟು ಗುಳಿಗಿ ಇಸ್ಕೊಂಡ್ ಹೋಗ್ರಿ.