ಎರೆಮಣ್ಣು ಬೆರೆಸಿ ಪಿಷ್ಟದ ಹಾಳೆ ಮಾಡುವುದು ಹೇಗೆ?

ಬೇಸಿಗೆಯಲ್ಲಿ ಡೋಣಿ ನದಿ ಸಾಲಿನ ಎರೆಹೊಲ ಕೈ ಇಳಿಯುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಕಾರಣ, ಆ ಜೇಡಿಯ ಕಣಗಳು ಇಸ್ಪೀಟ್ ಕಟ್ಟಿನ ಹಾಗಿವೆ. ಒಂದೊಂದು ಎಲೆ ಸುಮಾರು 1 ನ್ಯಾನೊಮೀಟರ್ ದಪ್ಪ, ನಡುವೆ ನೀರು ನುಗ್ಗುತ್ತದೆ. ಕೊಳೆಯುವ ಪ್ಲಾಸ್ಟಿಕ್ ಮಾಡುವವರಿಗೆ ಬೇಕಾಗಿರುವುದೂ ಇದೇ ಗುಣ. ನೀರಿನ ಜಾಗಕ್ಕೆ ಪಾಲಿಮರ್, ಅಂದರೆ ಪಿಷ್ಟದಂಥ ಉದ್ದ ಸರಪಳಿಯ ಅಣುಗಳು ನುಗ್ಗಬೇಕು, ಅಷ್ಟೇ.

ವಿಜಯಪುರದ ನಮ್ಮ ಅಡುಗೆಮನೆಯಲ್ಲಿ ಮಾಡಿದ್ದು ಹೀಗೆ.

ಮೊದಲು ಮಣ್ಣು. ಒಂದು ಹಿಡಿ ಎರೆಮಣ್ಣನ್ನು ಒಂದು ಲೀಟರ್ ನೀರಲ್ಲಿ ಕದಡಿ, ಚಿಟಿಕೆ ವಾಷಿಂಗ್ ಸೋಡಾ ಹಾಕಿ. ಎಲೆಗಳ ನಡುವಿನ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಅವು ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ಮಣ್ಣನ್ನು ಮಾರ್ಪಡಿಸುವ ಸರಳ ದಾರಿ ಇದು. ರಾತ್ರಿಯಿಡೀ ಅಲುಗಿಸಬೇಡಿ. ಬೆಳಿಗ್ಗೆ ಮೇಲಿನ ಕದಡು ನೀರನ್ನಷ್ಟೇ ಬಗ್ಗಿಸಿಕೊಳ್ಳಿ.

ಈಗ 10 ಗ್ರಾಂ ಗೋವಿನಜೋಳದ ಪಿಷ್ಟ, ಅಂದರೆ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, 3 ಗ್ರಾಂ ಗ್ಲಿಸರಿನ್, 100 ಮಿಲಿ ನೀರು ಕಲಸಿ. ಇನ್ನೊಂದು ಪಾತ್ರೆಯಲ್ಲಿ ಬರೀ ನೀರಿನ ಬದಲು ಮಣ್ಣಿನ ನೀರು ಹಾಕಿ. ಹೋಲಿಸಿ ನೋಡಬೇಕಲ್ವಾ? ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಗಂಜಿ ಗಟ್ಟಿಯಾಗಿ ಹೊಳಪು ಬರುತ್ತದೆ. ಸಂಡಿಗೆ ಹಿಟ್ಟು ಕುದಿಸಿದವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಗ್ಲಿಸರಿನ್ ಬಿಟ್ಟರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ.

ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ನೆರಳಲ್ಲಿ ಎರಡು ದಿನ ಇಡಿ. ನಾನು ಮೊದಲ ಸಲ ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದೂ ಎರೆಹೊಲದಂತೆ ಬಿರಿದಿತ್ತು!

ಒಣಗಿದ ಹಾಳೆಗಳನ್ನು ಎಳೆದು ನೋಡಿ. ಮಣ್ಣಿನದು ಬಿಗಿ ಜಾಸ್ತಿ. ಎಲೆಗಳನ್ನು ಸುತ್ತಿ ಹೋಗಬೇಕಾದ್ದರಿಂದ ನೀರಾವಿಯೂ ಅದರೊಳಗೆ ನಿಧಾನಕ್ಕೆ ದಾಟುತ್ತದೆ. ಹಾಗಂತ ಸುಮ್ನೆ ಮಣ್ಣು ಸುರಿಯಬೇಡಿ. 100 ಗ್ರಾಂ ಪಿಷ್ಟಕ್ಕೆ 3ರಿಂದ 5 ಗ್ರಾಂ ಒಣಜೇಡಿ ಸಾಕು. ಹೆಚ್ಚಾದರೆ ಮಣ್ಣು ಗಂಟು ಕಟ್ಟಿ, ಹಾಳೆ ಅಲ್ಲೇ ಹರಿದುಹೋಗುತ್ತದೆ.

ಕಾರ್ಖಾನೆಯಲ್ಲಿ ಮಾಡುವ ಕೊಳೆಯುವ ಪ್ಲಾಸ್ಟಿಕ್ ಪಾಲಿಲ್ಯಾಕ್ಟಿಕ್ ಆಸಿಡ್ ಎಂಬ ಪಾಲಿಮರ್‌ಗೆ ಈ ಸೋಡಾ ಸಾಲದು. ಅದಕ್ಕೆ ನೀರನ್ನು ಪ್ರೀತಿಸುವ ಮಣ್ಣು ಒಗ್ಗುವುದಿಲ್ಲ. ಹಾಗಾಗಿ ಎಲೆಗಳ ನಡುವೆ ಎಣ್ಣೆಗುಣದ ಉದ್ದ ಬಾಲವಿರುವ ಅಮೋನಿಯಂ ಲವಣ ಸೇರಿಸುತ್ತಾರೆ. ಆ ಪಾಲಿಮರ್ ಗಡುಸು, ಬೇಗ ಮುರಿಯುತ್ತದೆ. ಮೆತ್ತಗಿನ ಇನ್ನೊಂದು ಪಾಲಿಮರ್ ಬೆರೆಸಿದರೆ ಎರಡೂ ಬೆರೆಯದೆ ಒಂದು ಇನ್ನೊಂದರೊಳಗೆ ಹನಿಗಟ್ಟುತ್ತದೆ. ತಕ್ಕ ಮಣ್ಣು ನಡುವೆ ಕೂತರೆ ಹನಿಗಳು ಸಣ್ಣದಾಗುತ್ತವೆ.

ನಮ್ಮ ಹಾಳೆಯಲ್ಲಿ ಒಣ ಕೊತ್ತಂಬರಿ ಬೀಜ ಕಟ್ಟಿಡಬಹುದು. ಮೊಸರು ಬೇಡ, ತೇವ ತಾಗಿದರೆ ಮೆತ್ತಗಾಗುತ್ತದೆ.