ಗಾಡಿ ಫ್ರಿಜ್‌ಗೆ ಎರಡನೇ ಬ್ಯಾಟರಿ: ನಾನು ಮಾಡಿಕೊಂಡ ವ್ಯವಸ್ಥೆ

ಮಲ್ಪೆಯಿಂದ ಬೆಂಗಳೂರಿಗೆ ಅಂಜಲ್, ಬಂಗುಡೆ ಮೀನು ತರುವುದು ನಮ್ಮ ಮನೆಯ ರೂಢಿ. ಥರ್ಮಾಕೋಲ್ ಡಬ್ಬಿಯ ಐಸ್ ಕರಗಿ ಡಿಕ್ಕಿಯೆಲ್ಲ ನಾರುತ್ತಿತ್ತು. ಅದಕ್ಕೇ 40 ಲೀಟರಿನ ಕಂಪ್ರೆಸರ್ ಫ್ರಿಜ್ ತಗೊಂಡೆ. ಫ್ರಿಜ್ ಕೊಳ್ಳುವುದು ಸುಲಭ, ಅದಕ್ಕೆ ಕರೆಂಟ್ ಒದಗಿಸುವುದೇ ಕೆಲಸ.

ಮೊದಲು ಲೆಕ್ಕ. ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಅರ್ಧ ಹೊತ್ತು ಓಡಿದರೂ ದಿನಕ್ಕೆ 48 ಆಂಪಿಯರ್ ಅವರ್ ಆಯಿತು. ಫ್ರೀಜರ್ ಮಟ್ಟಕ್ಕೆ ಇಟ್ಟರೆ ಇನ್ನೂ ಜಾಸ್ತಿ. ಇಷ್ಟನ್ನು ಗಾಡಿಯ ಬ್ಯಾಟರಿಯಿಂದ ಎಳೆದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಡೌಟು. ಹಾಗಾಗಿ 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಹಿಂದಿನ ಸೀಟಿನ ಹಿಂದೆ ಕೂರಿಸಿದೆ. ಬಾನೆಟ್ ಒಳಗಿನ ಬಿಸಿ ಅದಕ್ಕೆ ಆಗಿಬರುವುದಿಲ್ಲ.

ಗಾಡಿ ಓಡುವಾಗ ಆಲ್ಟರ್ನೇಟರ್, ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡುವ ಯಂತ್ರ, ಈ ಎರಡನೇ ಬ್ಯಾಟರಿಯನ್ನೂ ತುಂಬಬೇಕು. ಅದಕ್ಕೆ ಅಂಗಡಿಯವರು "ಎರಡೂ ಬ್ಯಾಟರಿ ಜೋಡಿಸಿ ಬಿಡಿಸುವ ಸ್ವಿಚ್, ಒಂದು ರಿಲೇ ಸಾಕು ಸಾರ್" ಅಂದರು. ಹಳೇ ಗಾಡಿಗೆ ಸಾಕು, ನಿಜ. ನನ್ನದು ಬಿಎಸ್6 ಡೀಸೆಲ್, ವೋಲ್ಟೇಜ್ ತಾನೇ ಏರಿಸಿ ಇಳಿಸುವ ಸ್ಮಾರ್ಟ್ ಆಲ್ಟರ್ನೇಟರ್ ಇರುವಂಥದ್ದು. ರಿಲೇಗೆ ದುಡ್ಡು ಕೊಡುವ ಮೊದಲು ಗಾಡಿಯ ಬ್ಯಾಟರಿಗೆ ವೋಲ್ಟ್ ಮೀಟರ್ ಸಿಕ್ಕಿಸಿ ಮಲ್ಪೆಗೆ ಹೊರಟೆ. ಹೊರಡುವಾಗ 14.4 ವೋಲ್ಟ್. ಹಾಸನ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ 12.6ಕ್ಕೆ ಇಳಿಯಿತು. ಶಿರಾಡಿ ಘಾಟಿಯಲ್ಲಿ ಇಳಿಯುತ್ತಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, 14.8! ಡೀಸೆಲ್ ಉಳಿಸಲು ಗಾಡಿ ಹೂಡುವ ಆಟ ಇದು. ಇಳಿಜಾರಿನಲ್ಲಿ ಪುಕ್ಕಟೆ ಸಿಕ್ಕಾಗ ಚಾರ್ಜ್ ಜಾಸ್ತಿ, ಬೇರೆ ಹೊತ್ತಿನಲ್ಲಿ ಕಡಿಮೆ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ 12.6 ಕಂಡ ಕೂಡಲೇ ಎಂಜಿನ್ ಆಫ್ ಆಗಿದೆ ಅಂದುಕೊಂಡು ಕೈಬಿಡುತ್ತದೆ.

ಅದಕ್ಕೇ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದೆ. ಒಳಗೆ 12.6 ಬಂದರೂ ಹೊರಗೆ 14ರ ಮೇಲೆ ಕೊಡುತ್ತದೆ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ವೈರ್ ಕೊಟ್ಟರೆ ಎಂಜಿನ್ ಓಡುತ್ತಿದೆಯಾ ಇಲ್ವಾ ಅಂತ ಅದಕ್ಕೆ ಗೊತ್ತಾಗುತ್ತದೆ. ಎರಡೂವರೆ ಗಂಟೆ ಓಡಿಸಿದರೆ ಒಂದು ದಿನದ ಖರ್ಚು ವಾಪಸ್ ತುಂಬುತ್ತದೆ.

ವೈರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬಾನೆಟ್‌ನಿಂದ ಹಿಂದಿನವರೆಗೆ 5 ಮೀಟರ್, ಹೋಗಿ ಬರಲು 10. ಚಾರ್ಜರ್ ಸುಮಾರು 25 ಆಂಪಿಯರ್ ಎಳೆಯುತ್ತದೆ. ಮನೆಗೆ ಹಾಕುವ 2.5 ಸ್ಕ್ವೇರ್ ಎಂಎಂ ವೈರ್ ಆದರೆ 1.75 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಮೇಲಾಗಿ ವೈರ್ ಬಿಸಿಯಾಗುತ್ತದೆ. ನಾನು 16 ಸ್ಕ್ವೇರ್ ಎಂಎಂ ತಾಮ್ರದ್ದು ಎಳೆದೆ, ನಷ್ಟ 0.3 ವೋಲ್ಟ್‌ಗಿಂತ ಕಡಿಮೆ. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್ ಇರಲೇಬೇಕು. ಮಧ್ಯೆ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ, ಅಲ್ವಾ?

ಗಾಡಿ ನಿಂತಲ್ಲೇ ಇದ್ದರೆ 100 ವಾಟಿನ ಸೋಲಾರ್ ಪ್ಯಾನೆಲ್ ಬಿಚ್ಚಿಡುತ್ತೇನೆ. ಮಳೆಗಾಲದಲ್ಲಿ ಅದು ಸುಮ್ನೆ ದಂಡ.

ಫ್ರಿಜ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಬ್ಯಾಟರಿ ವೋಲ್ಟೇಜ್ ಎಷ್ಟಕ್ಕೆ ಇಳಿದಾಗ ಫ್ರಿಜ್ ತಾನೇ ಆಫ್ ಆಗಬೇಕು ಅಂತ. ಅದನ್ನು ಲೋ ಮಾಡಿ. ಹೈ ಇರುವುದು ಗಾಡಿಯ ಬ್ಯಾಟರಿ ಕಾಯಲಿಕ್ಕೆ. ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಲ್ಲೇ ಫ್ರಿಜ್ ತಣ್ಣಗೆ ಮಾಡಿಟ್ಟುಕೊಳ್ಳಿ, ಮೊದಲ ಕೆಲವು ಗಂಟೆಗಳ ಭಾರ ಬ್ಯಾಟರಿಗೆ ತಪ್ಪುತ್ತದೆ.